ಟಗರಿಗೆ ಗಡುವು ಬೇಡವೇ?

ಏಪ್ರಿಲ್ ತಿಂಗಳಲ್ಲಿ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಬಸ್ಸಿನಲ್ಲಿ ಹೋಗುವವರು ತಳಕು ದಾಟಿದ ಮೇಲೆ ಕಿಟಕಿಯಾಚೆ ಒಮ್ಮೆ ನೋಡಬೇಕು. ಬೇಲಿ ಸಾಲಿನ ಜಾಲಿ ಬಿಟ್ಟರೆ ಹಸಿರು ಎಂಬುದಿಲ್ಲ. ಅಂಥ ಬಿಸಿಲಲ್ಲಿ ಕುರಿಗಾಹಿಯ ಹೆಗಲ ಮೇಲೆ ನಿನ್ನೆಯೋ ಮೊನ್ನೆಯೋ ಹುಟ್ಟಿದ ಮರಿ. ಹಿಂದೆ ಅದರ ತಾಯಿ, ಕೆಚ್ಚಲಲ್ಲಿ ಹಾಲಿಲ್ಲ. ಕೇಳಿದರೆ, "ಏನ್ ಮಾಡೋದು ಸಾಮಿ, ದೇವ್ರು ಕೊಟ್ಟಿದ್ದು" ಅಂತಾನೆ. ಕೊಟ್ಟದ್ದು ದೇವರಲ್ಲ, ಐದು ತಿಂಗಳ ಹಿಂದೆ ರೊಪ್ಪದೊಳಗೆ ಬಿಟ್ಟ ಟಗರು!

ಲೆಕ್ಕ ಕಷ್ಟದ್ದೇನಲ್ಲ. ಕುರಿ ಗಬ್ಬ ಕಟ್ಟಿ ಈಯುವುದಕ್ಕೆ ಸುಮಾರು 150 ದಿನ. ನವೆಂಬರಿನಲ್ಲಿ ಶೇಂಗಾ ಕಿತ್ತ ಹೊಲ ಮೇದು ಮೈ ತುಂಬಿಕೊಂಡ ಕುರಿ ತಾನೇ ಬೆದೆಗೆ ಬರುತ್ತದೆ. ಟಗರು ಪಕ್ಕದಲ್ಲೇ ಇರುತ್ತದೆ. ಮರಿ ಬೀಳುವುದು ಏಪ್ರಿಲ್‌ನಲ್ಲಿ. ಅದೇ ಕುರಿಯನ್ನು ಮುಂಗಾರಿನ ಮೊದಲ ಹನಿ ಬಿದ್ದ ಮೇಲೆ, ಜೂನಿನಲ್ಲಿ ಕಟ್ಟಿಸಿದರೆ ನವೆಂಬರಿಗೆ ಮರಿ. ಆಗ ಹೊಲದಲ್ಲಿ ಹೊಟ್ಟುಂಟು, ಬದುವಿನಲ್ಲಿ ಹುಲ್ಲುಂಟು.

ಹಿಂದೆ ಈ ಲೆಕ್ಕ ತಪ್ಪಿದರೂ ನಡೆಯುತ್ತಿತ್ತು. ಮೇಯಿಸಲು ಅಮೃತಮಹಲ್ ಕಾವಲಿತ್ತು. 2009-10ರ ಸುಮಾರಿಗೆ ದೊಡ್ಡ ಉಳ್ಳಾರ್ತಿ, ಖುದಾಪುರದ ಕಡೆಯ ಕಾವಲಿನಲ್ಲಿ ಸುಮಾರು 10 ಸಾವಿರ ಎಕರೆ ಡಿ.ಆರ್.ಡಿ.ಓ., ಐ.ಐ.ಎಸ್ಸಿ., ಬಿ.ಎ.ಆರ್.ಸಿ., ಇಸ್ರೋ ಮುಂತಾದವಕ್ಕೆ ಹೋಯಿತು. ದೇಶಕ್ಕೆ ವಿಜ್ಞಾನ ಬೇಕು, ಸರಿ. ಗೋಡೆ ಎದ್ದ ಮೇಲೆ ಕುರಿಗೆ ಹುಲ್ಲು ಎಲ್ಲಿಂದ? ಉಳಿದ ಹುಲ್ಲಿನಲ್ಲಿ ಮ್ಯಾಸನಾಯಕರ ದೇವರ ಎತ್ತುಗಳಿಗೂ ಪಾಲಿದೆ. ಮೇವು ಕಡಿಮೆ ಆದಾಗ ಬೇಡದ ಹೊತ್ತಿನ ಮರಿ ಎಂದರೆ ಒಂದು ಜೀವದ ಜತೆ ತಾಯಿಯ ಜೀವಕ್ಕೂ ಕುತ್ತು. ಹಿಂಡಿ ಹಾಕಿ ಸಾಕೋಣವೆಂದರೆ, ಎಣ್ಣೆ ಮಿಲ್ಲಿನ ಊರಾದ ಚಳ್ಳಕೆರೆಯಲ್ಲೇ ಶೇಂಗಾ ಹಿಂಡಿ ಬಡವನ ಕೈಗೆ ಎಟುಕುತ್ತದೆಯೇ?

ಹಾಗಂತ ಟಗರಿಗೆ ಬೇರೆ ರೊಪ್ಪ ಕಟ್ಟಿ, ಬೇರೆ ಆಳಿಡಿ ಎಂದು ಹೇಳುವವರು ಕುರಿ ಕಾಯ್ದವರಲ್ಲ. ಮೂವತ್ತು ಕುರಿಯವನಿಗೆ ಇರುವುದು ಒಂದೇ ರೊಪ್ಪ, ಒಬ್ಬನೇ ಮಗ. ಒಟ್ಟಿಗೇ ಇಟ್ಟುಕೊಂಡು ತಡೆಯುವ ದಾರಿಗಳಿವೆ. ತಳಿಗೆ ಬೇಡದ ಗಂಡು ಮರಿಗೆ ಪಶು ಆಸ್ಪತ್ರೆಯಲ್ಲಿ ಬೀಜ ಹಿಚುಕಿಸುವುದು ಮೊದಲನೆಯದು. ಇಕ್ಕಳದಿಂದ ಮಾಡುವ ಕೆಲಸ, ರಕ್ತ ಬರುವುದಿಲ್ಲ. ಬಹಳ ಮಂದಿ ತಪ್ಪುವುದು ಆಮೇಲೆ. ಹಿಚುಕಿಸಿದ ದಿನವೇ "ಆಯ್ತು ಬಿಡಪ್ಪ" ಎಂದು ಹಿಂಡಿಗೆ ಬಿಡುತ್ತಾರೆ. ಒಂದೂವರೆ ತಿಂಗಳವರೆಗೂ ಅದರಿಂದ ಗಬ್ಬ ಕಟ್ಟುವ ಭಯ ಇದ್ದೇ ಇರುತ್ತದೆ.

ತಳಿಗೆಂದೇ ಇಟ್ಟ ಟಗರಿಗೆ ಹೊಟ್ಟೆಯಡಿ ಗೋಣಿಪಟ್ಟಿ ಕಟ್ಟಬೇಕು. ಪಟ್ಟಿ ಜಾರುತ್ತದೆ, ಉಚ್ಚೆಯಲ್ಲಿ ನೆನೆದು ಹುಣ್ಣೂ ಆಗುತ್ತದೆ. ದಿನಾ ಬಿಚ್ಚಿ ನೋಡುವ ತಾಳ್ಮೆ ಇಲ್ಲದವನು ಕಟ್ಟದಿರುವುದೇ ಮೇಲು. ಅಂಥವರು ನಾಲ್ಕು ಮನೆಯ ಟಗರು ಒಟ್ಟು ಮಾಡಿ, ಅಕ್ಟೋಬರಿನಿಂದ ಜನವರಿವರೆಗೆ ಒಬ್ಬ ಹುಡುಗನ ಕೈಗೆ ಕೊಡಲಿ. ಕೂಲಿ ಹಂಚಿಕೊಂಡರೆ ಯಾರಿಗೂ ಭಾರವಲ್ಲ.

ಗಂಡು ಮರಿಗಳ ವಿಷಯದಲ್ಲಿ ಇನ್ನೂ ಮೈಮರೆವು. "ಇನ್ನೂ ಕೂಸು" ಅನ್ನೋ ಮರಿ ಐದು ತಿಂಗಳಿಗೇ ತಾಯಿಯ ಮೇಲೆ, ತಂಗಿಯ ಮೇಲೆ ಹಾರುತ್ತದೆ. ಹಾಲು ಬಿಡಿಸಿದ ಮೂರು ತಿಂಗಳಿಗೇ ಅದನ್ನು ಬೇರೆ ಮಾಡಬೇಕು. ದೊಡ್ಡ ಟಗರನ್ನೂ ಎರಡು ವರ್ಷಕ್ಕೊಮ್ಮೆ ಬೇರೆ ಹಟ್ಟಿಯವರ ಜತೆ ಅದಲುಬದಲು ಮಾಡದಿದ್ದರೆ ಅದು ತನ್ನ ಮಗಳನ್ನೇ ಕಟ್ಟುತ್ತದೆ. ಸೊರಗಿದ ಮರಿ ಹುಟ್ಟಿದರೆ ಆಮೇಲೆ ದೃಷ್ಟಿ ತೆಗೆಸಿ ಏನು ಬಂತು?

ಪೇಟೆಯವರೇನೂ ಕಡಿಮೆಯಿಲ್ಲ. ಅಂಗಡಿ ಹಿತ್ತಲಲ್ಲಿ ಹಬ್ಬಕ್ಕೆಂದು ಒಂದು ಟಗರು, ಮಕ್ಕಳ ಆಸೆಗೆ ಎರಡು ಕುರಿ. ಒಂದೇ ಗೂಟ, ಒಂದೇ ಬುಟ್ಟಿ. ವರ್ಷದೊಳಗೆ ಐದಾರು ತಲೆ, ನಿಲ್ಲಿಸಲು ಜಾಗವಿಲ್ಲ. ಸಂತೆಗೆ ಹೊಡೆದರೆ ಬಡಕಲು ಮರಿಗೆ ದಲ್ಲಾಳಿ ಹೇಳಿದ್ದೇ ರೇಟು.

ಪಶು ಆಸ್ಪತ್ರೆಯವರು ಶೇಂಗಾ ಕೀಳುವ ಮುಂಚೆಯೇ, ಸೆಪ್ಟೆಂಬರಿನಲ್ಲಿ, ಇಕ್ಕಳ ಹಿಡಿದು ಹಟ್ಟಿಹಟ್ಟಿಗೆ ಹೋಗಬೇಕು. ಇಡೀ ಹಿಂಡು ಬಿಟ್ಟು ನಾಲ್ಕು ಮರಿ ಹೊತ್ತು ಬಸ್ ಹತ್ತಿ ತಾಲ್ಲೂಕಿಗೆ ಬಾ ಎಂದರೆ ಯಾವ ಕುರಿಗಾಹಿಯೂ ಬರುವುದಿಲ್ಲ. ಬಂದರೂ ಕಂಡಕ್ಟರ್ ಹತ್ತಿಸಿಕೊಳ್ಳಬೇಕಲ್ಲ!