ಮರಳಿ ಬಂದವರ ಚಿತ್ರ

ಊರು ತೊರೆದವರು ಮರಳಿ ಬಂದ ಕಥೆಯನ್ನು ಸಾಕ್ಷ್ಯಚಿತ್ರವಾಗಿಸಲು ಯಾರಾದರೂ ಕಲಬುರಗಿಗೆ ಬಂದರೆ, ಅವರ ಕ್ಯಾಮರಾ ಮೊದಲು ಐವಾನ್-ಎ-ಶಾಹಿಯತ್ತಲೇ ತಿರುಗೀತು. ನಿಜಾಮರ ಆ ಅತಿಥಿಗೃಹ ನೋಡಲು ಸೊಗಸು. ಆದರೆ ಕಥೆಯಿರುವುದು ಹಳ್ಳಿಗಳ ಹೊಸ್ತಿಲುಗಳಲ್ಲಿ. ರಜಾಕಾರರ ಹಾವಳಿಗೆ ಅಂಜಿ ಗಡಿಯಾಚೆಯ ಸೊಲ್ಲಾಪುರದ ಕಡೆಗೆ ಓಡಿದ್ದ ಜನ, 1948ರ ಸೆಪ್ಟೆಂಬರ್ 17ರಂದು ನಿಜಾಮರು ಶರಣಾದ ಬಳಿಕ ತಂತಮ್ಮ ಮನೆಗಳಿಗೆ ಮರಳಿದರು. ಅವರ ಮನೆಯಲ್ಲಿ ದೀಪ ಹೊತ್ತಿದೊಡನೆ ಚಿತ್ರ ಮುಗಿಯಲಾರದು. ಆ ಬೆನ್ನಿಗೇ ಮುಸಲ್ಮಾನರ ಮೇಲೆ ನಡೆದ ಕೊಲೆ ಸುಲಿಗೆಗಳಲ್ಲಿ ಅತಿಯಾಗಿ ನೊಂದ ನಾಲ್ಕು ಜಿಲ್ಲೆಗಳೊಳಗೆ ಕಲಬುರಗಿಯೂ ಒಂದೆಂದು ಪಂಡಿತ ಸುಂದರಲಾಲರ ಸಮಿತಿ ವರದಿಮಾಡಿತು. ಒಬ್ಬರು ಮರಳುವ ಹೊತ್ತಿಗೆ ಇನ್ನೊಬ್ಬರು ಊರು ಬಿಟ್ಟರು. ಇಬ್ಬರನ್ನೂ ಕೇಳಿದರೆ ಮಾತ್ರ ಅದು ಸಾಕ್ಷ್ಯ; ಇಲ್ಲವಾದರೆ ಬರಿಯ ಚಿತ್ರ. ಅಂದು ಕಣ್ಣಾರೆ ಕಂಡ ಮಕ್ಕಳಿಗೆ ಇಂದು ತೊಂಬತ್ತರ ಆಸುಪಾಸು, ತಡಮಾಡಲು ಹೊತ್ತಿಲ್ಲ.