ವೈದ್ಯರ ಕಲಿಕೆ: ಗಂಟೆ ಎಣಿಸಿದರೆ ಸಾಕೇ?

ಹಾವು ಕಚ್ಚಿದ ರೈತನೊಬ್ಬನನ್ನು ತಾಲ್ಲೂಕು ಆಸ್ಪತ್ರೆಗೆ ಕರೆತಂದಾಗ ಮೊದಲು ಮಾಡಬೇಕಾದ ಪರೀಕ್ಷೆಗಳಲ್ಲಿ ಒಂದಕ್ಕೆ ಯಾವ ಯಂತ್ರವೂ ಬೇಕಿಲ್ಲ. ಶುಭ್ರವಾದ, ಒಣಗಿದ ಗಾಜಿನ ಕೊಳವೆಯಲ್ಲಿ ಎರಡು ಮಿಲಿ ಲೀಟರ್ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡಬೇಕು. ಬಳಿಕ ಒಮ್ಮೆ ಬಾಗಿಸಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ಮೈಗೇರಿದೆ ಎಂದರ್ಥ. ಪ್ರತಿವಿಷ ಕೊಡಲು ಇನ್ನು ತಡಮಾಡುವಂತಿಲ್ಲ. ಇಷ್ಟು ಸರಳವಾದ ಪರೀಕ್ಷೆಯೂ ದಾರಿ ತಪ್ಪಿಸಬಲ್ಲದು. ಕೊಳವೆ ಪ್ಲಾಸ್ಟಿಕ್ಕಿನದಾಗಿದ್ದರೆ, ಅಥವಾ ಅದನ್ನು ಸೋಪಿನ ಪುಡಿಯಲ್ಲಿ ತೊಳೆದಿದ್ದರೆ, ವಿಷವೇರದವನ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಅಂದರೆ ಆ ರೈತನ ಚಿಕಿತ್ಸೆ ವೈದ್ಯರ ವಿದ್ವತ್ತಿನಷ್ಟೇ ಕೊಳವೆ ತೊಳೆದ ಗ್ರೂಪ್ ‘ಡಿ’ ನೌಕರನ ತಿಳಿವಳಿಕೆಯನ್ನೂ ಅವಲಂಬಿಸಿದೆ.

ವೈದ್ಯರ ನಿರಂತರ ಶಿಕ್ಷಣ ಕುರಿತ ನಮ್ಮ ಚರ್ಚೆಗಳಲ್ಲಿ ಈ ನೌಕರನ ಪ್ರಸ್ತಾಪವೇ ಬರುವುದಿಲ್ಲ.

ನಿಯಮವೇನೋ ಇದೆ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿ ನೀತಿಯ ನಿಯಮಾವಳಿಯ ಪ್ರಕಾರ ಪ್ರತಿಯೊಬ್ಬ ವೈದ್ಯರೂ ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳ ಕಾಲ ಇಂಥ ಶಿಕ್ಷಣ ಕಾರ್ಯಕ್ರಮಗಳಲ್ಲಿ ಪಾಲ್ಗೊಳ್ಳಬೇಕು. ವರ್ಷಕ್ಕೆ ಆರು ಗಂಟೆ. ಎರಡು ಸಿನಿಮಾ ನೋಡುವಷ್ಟು ಹೊತ್ತು. ಆ ಪರಿಷತ್ತಿನ ಜಾಗಕ್ಕೆ 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಆಯೋಗ 2023ರ ಆಗಸ್ಟ್‌ನಲ್ಲಿ ಹೊಸ ನಿಯಮಾವಳಿ ಪ್ರಕಟಿಸಿತು. ಜನರಿಕ್ ಔಷಧದ ಹೆಸರನ್ನೇ ಬರೆಯಬೇಕೆಂಬ ಷರತ್ತಿಗೆ ವೈದ್ಯರ ಸಂಘಟನೆಗಳು ಸಿಡಿದೆದ್ದ ಮೇಲೆ ಅದೇ ತಿಂಗಳಲ್ಲಿ ಅದನ್ನು ತಡೆಹಿಡಿಯಿತು. 2002ರ ನಿಯಮಗಳೇ ಮತ್ತೆ ಊರ್ಜಿತವಾದವು. ಔಷಧ ಕಂಪೆನಿಗಳು ಪ್ರಾಯೋಜಿಸುವ ಸಮ್ಮೇಳನಗಳಿಂದ ವೈದ್ಯರನ್ನು ದೂರವಿಡುವ ಅಂಶವೂ ಆ ಗದ್ದಲದಲ್ಲಿ ಮೂಲೆಗೆ ಸರಿಯಿತು.

ಈ 30 ಗಂಟೆಗಳು ಸಾಮಾನ್ಯವಾಗಿ ಹೇಗೆ ಸಲ್ಲುತ್ತವೆ ಎಂಬುದನ್ನು ವೈದ್ಯ ಮಿತ್ರರು ಬಲ್ಲರು. ನಗರದ ಹೋಟೆಲಿನ ತಂಪು ಸಭಾಂಗಣ, ಹೊರಗೆ ಸಾಲು ಮಳಿಗೆ, ಒಳಗೆ ಮಂದ ಬೆಳಕಿನಲ್ಲಿ ಒಂದರ ಹಿಂದೊಂದು ಸ್ಲೈಡು, ಮಧ್ಯಾಹ್ನದ ಭೂರಿ ಭೋಜನ, ಸಂಜೆ ಪ್ರಮಾಣಪತ್ರ. ಈ ಲೇಖಕನೂ ಅಂಥ ಸಭೆಗಳ ಹಿಂದಿನ ಸಾಲಿನಲ್ಲಿ ತೂಕಡಿಸಿದವನೇ. ಅಲ್ಲಿ ವಿದ್ವತ್ಪೂರ್ಣ ಉಪನ್ಯಾಸಗಳು ಇರುವುದಿಲ್ಲವೆಂದಲ್ಲ. ಆದರೆ ವಿಷಯವನ್ನು ಆರಿಸುವವರು ಯಾರು? ಹೊಸ ಮಧುಮೇಹದ ಮಾತ್ರೆಗೆ ಪ್ರಾಯೋಜಕರು ಸಾಲುಗಟ್ಟಿ ನಿಲ್ಲುತ್ತಾರೆ. ಗಾಜಿನ ಕೊಳವೆಗೆ, ಓಆರ್‌ಎಸ್ ಪೊಟ್ಟಣಕ್ಕೆ ಯಾರೂ ಸಿಗುವುದಿಲ್ಲ. ಕಂಪೆನಿಗಳಿಂದ ಉಡುಗೊರೆ, ಪ್ರವಾಸದ ಖರ್ಚು ಪಡೆಯುವುದನ್ನು ವೈದ್ಯರಿಗೆ 2009ರಲ್ಲೇ ನಿಷೇಧಿಸಲಾಯಿತು. ಇಂಥ ಖರ್ಚಿಗೆ ಕಂಪೆನಿಗಳು ಆದಾಯ ತೆರಿಗೆಯಲ್ಲಿ ವಿನಾಯಿತಿ ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ಒಂದೇ ಮಾತನ್ನು ಮತ್ತೆ ಮತ್ತೆ ಹೇಳಬೇಕಾಗಿ ಬಂದಿದೆಯೆಂದರೆ ಆ ಮಾತು ಎಷ್ಟರಮಟ್ಟಿಗೆ ನಾಟಿದೆ ಎಂಬುದನ್ನು ಊಹಿಸಬಹುದು.

ಕಲಿಯಬೇಕಾದದ್ದು ಕಡಿಮೆಯೇನಲ್ಲ. ಕ್ಷಯರೋಗಕ್ಕೆ ವಾರಕ್ಕೆ ಮೂರು ದಿನ ಕೊಡುತ್ತಿದ್ದ ಔಷಧವನ್ನು 2017ರಲ್ಲಿ ದೇಶದಾದ್ಯಂತ ಪ್ರತಿದಿನಕ್ಕೆ ಬದಲಿಸಲಾಯಿತು. ಹಾವು ಕಚ್ಚಿದ ಕೈಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟುವುದು ಒಂದು ಕಾಲಕ್ಕೆ ಪ್ರಥಮ ಚಿಕಿತ್ಸೆ. ಇಂದು ಅದು ಅಪಾಯ. ಮಗುವಿನ ತೂಕ ನೋಡಿ ಔಷಧದ ಪ್ರಮಾಣ ತಗ್ಗಿಸುವುದು ವೈದ್ಯರಿಗೆ ಕೈಗೂಡಿದ ಅಭ್ಯಾಸ. ಪ್ರತಿವಿಷದ ವಿಷಯದಲ್ಲಿ ಆ ಅಭ್ಯಾಸವೇ ಮುಳುವಾಗುತ್ತದೆ. ಹಾವು ಹಿರಿಯರು ಕಿರಿಯರೆಂದು ನೋಡಿ ವಿಷವನ್ನು ಅಳೆದು ಬಿಡುವುದಿಲ್ಲ. ಆದ್ದರಿಂದ ಮಗುವಿಗೂ ದೊಡ್ಡವರಷ್ಟೇ, ಮೊದಲಿಗೆ ಎಂಟರಿಂದ ಹತ್ತು ವಯಲ್ ಕೊಡಬೇಕು. 2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ಹಾವು ಕಡಿದು ಸತ್ತವರು ವರ್ಷಕ್ಕೆ ಸರಾಸರಿ 58 ಸಾವಿರ ಎಂಬುದು ಸಂಶೋಧಕರ ಅಂದಾಜು. ಎಲ್ಲರೂ ಆಸ್ಪತ್ರೆಯ ಬಾಗಿಲು ಮುಟ್ಟಿದವರಲ್ಲ, ನಿಜ. ಮುಟ್ಟಿದವರನ್ನಾದರೂ ಉಳಿಸಿಕೊಳ್ಳಬೇಕಲ್ಲ.

ಸಭೆಗಳಿಂದ ವೈದ್ಯರ ನಡೆ ಎಷ್ಟು ಬದಲಾಗುತ್ತದೆ ಎಂಬುದನ್ನೂ ಅಳೆದು ನೋಡಲಾಗಿದೆ. 215 ಅಧ್ಯಯನಗಳನ್ನು ಕ್ರೋಡೀಕರಿಸಿದ 2021ರ ಕಾಕ್ರೇನ್ ಸಮೀಕ್ಷೆ ಕಂಡುಕೊಂಡ ಸುಧಾರಣೆ ಶೇ 6-7ರ ಆಸುಪಾಸಿನದು. ಅದರೊಂದಿಗೆ 2023ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವನ್ನು ಇಟ್ಟು ನೋಡಬೇಕು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾದ ಆಸ್ಪತ್ರೆಗಳಲ್ಲಿ ಹೆರಿಗೆಯಾದ ತಾಯಿಯ ಕೆಳಗೆ ರಕ್ತ ಅಳೆಯುವ ಗೆರೆಗಳಿದ್ದ ಪ್ಲಾಸ್ಟಿಕ್ ಹಾಳೆ ಹಾಸಿದರು. ರಕ್ತಸ್ರಾವ ಮಿತಿ ಮೀರಿದ ಕೂಡಲೇ ಏನೇನು ಮಾಡಬೇಕೆಂಬುದನ್ನು ಸೂಲಗಿತ್ತಿ ನರ್ಸ್‌ಗಳು, ವೈದ್ಯರು ಎಲ್ಲರಿಗೂ ಅವರವರ ಆಸ್ಪತ್ರೆಯಲ್ಲೇ ಅಣಕು ಪ್ರಯೋಗದ ಮೂಲಕ ಕಲಿಸಿದರು. ತೀವ್ರ ರಕ್ತಸ್ರಾವವೂ ಸೇರಿದಂತೆ ಗಂಭೀರ ಪರಿಣಾಮಗಳು ಶೇ 60ರಷ್ಟು ಇಳಿದವು. ಆ ಹಾಳೆಯ ಪಾಲು ಅದರಲ್ಲಿ ದೊಡ್ಡದೇ. ಆದರೆ ಗೆರೆ ನೋಡಿ ಕೂಗಿ ಹೇಳುವವರು, ಕೂಗಿಗೆ ಓಡಿ ಬರುವವರು ಒಟ್ಟಾಗಿ ಕಲಿತಿರದಿದ್ದರೆ ಹಾಳೆ ಬರೀ ಹಾಳೆಯಾಗಿ ಉಳಿಯುತ್ತಿತ್ತು.

ನಮ್ಮಲ್ಲೂ ಮಾದರಿಗಳಿಲ್ಲದೆ ಇಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 2003ರಲ್ಲಿ ಆರಂಭವಾದ ‘ಎಕೋ’ ಪದ್ಧತಿಯನ್ನು ಬೆಂಗಳೂರಿನ ನಿಮ್ಹಾನ್ಸ್ ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಗೆ ಅಳವಡಿಸಿಕೊಂಡಿದೆ. ದೂರದೂರಿನ ವೈದ್ಯರು ವಿಡಿಯೊ ಮೂಲಕ ತಮ್ಮದೇ ರೋಗಿಯ ಸಮಸ್ಯೆಯನ್ನು, ಹೆಸರು ಮರೆಮಾಚಿ, ತಜ್ಞರ ಮುಂದಿಡುತ್ತಾರೆ. ಉಳಿದವರು ಕೇಳಿ ಕಲಿಯುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬಂಟಿಯಾಗಿ ದುಡಿಯುವ ವೈದ್ಯೆಗೆ ಇದು ಎಷ್ಟು ದೊಡ್ಡ ಆಸರೆ ಎಂಬುದು ನಗರದವರಿಗೆ ಸುಲಭವಾಗಿ ಅರ್ಥವಾಗದು. ಆಕೆ ಎರಡು ದಿನ ಸಮ್ಮೇಳನಕ್ಕೆ ಹೋದರೆ ಆ ಕೇಂದ್ರದಲ್ಲಿ ವೈದ್ಯರೇ ಇರುವುದಿಲ್ಲ.

ಕರ್ನಾಟಕ ವೈದ್ಯಕೀಯ ಪರಿಷತ್ತು ಮನಸ್ಸು ಮಾಡಿದರೆ ಈ 30 ಗಂಟೆಗಳಲ್ಲಿ ಅರ್ಧವನ್ನಾದರೂ ಕೆಲಸದ ಜಾಗದಲ್ಲಿ, ಇಡೀ ತಂಡದೊಡನೆ ನಡೆದ ಕಲಿಕೆಗೆ ಮೀಸಲಿಡಬಹುದು. ಖರ್ಚಿಗೆ ನೋಂದಣಿ ಶುಲ್ಕವಿದೆ, ಸರ್ಕಾರದ ಬೊಕ್ಕಸವಿದೆ; ಕಂಪೆನಿಗಳ ಹಂಗು ಬೇಡ. ಪಠ್ಯಕ್ಕೂ ಬರವಿಲ್ಲ. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಜಿಲ್ಲೆಯ ಆ ವರದಿಗಳನ್ನು ಮುಂದಿಟ್ಟುಕೊಂಡು ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಯಲ್ಲಿ ಎಲ್ಲರೂ ಒಂದು ಗಂಟೆ ಕುಳಿತರೆ ಸಾಕು: ರೋಗಿ ಎಷ್ಟು ಹೊತ್ತಿಗೆ ಬಂದ, ಪ್ರತಿವಿಷ ಎಷ್ಟು ಹೊತ್ತಿಗೆ ಸೇರಿತು, ಅದು ಒಗ್ಗದಿದ್ದರೆಂದು ಅಡ್ರಿನಲಿನ್ ಕೈಗೆಟುಕುವಂತೆ ಇತ್ತೇ, ಕೊಳವೆ ಗಾಜಿನದೇ? ಆ ದಿನದ ಹಾಜರಾತಿ ಪುಸ್ತಕದಲ್ಲಿ ವೈದ್ಯರ ಸಹಿಯ ಕೆಳಗೆ ನರ್ಸ್, ಲ್ಯಾಬ್ ಟೆಕ್ನೀಷಿಯನ್, ಆಂಬುಲೆನ್ಸ್ ಚಾಲಕ ಮತ್ತು ಕೊಳವೆ ತೊಳೆಯುವ ನೌಕರನ ಸಹಿಯೂ ಇರಲಿ.