ಗಣಿತವು ತಿಳಿಯದೆ ಹೋದರೆ ದೋಷವು ಯಾರದು?

ನಮ್ಮ ಶಾಲೆಯಲ್ಲಿ ಗಣಿತದಲ್ಲಿ ಮೇಲಾಗಿದ್ದು, ಸಂತೋಷದಿಂದ ಅದೇ ವಿಷಯವನ್ನು ಆರಿಸಿಕೊಂಡು ವಿಶ್ವವಿದ್ಯಾನಿಲಯದ ಮೇಲ್ತರಗತಿಗಳಿಗೆ ಹೋದ ಹುಡುಗಿಯರಲ್ಲಿ ಕೆಲವರು, “ನನಗೆ ಗಣಿತದ ಬುದ್ಧಿಯಿಲ್ಲವೆಂದು ಈಗ ಗೊತ್ತಾಯಿತು” ಎಂದು ಹೇಳುವುದುಂಟು. ಇಂಥವರಲ್ಲಿ ಅನೇಕರನ್ನು ಎಡವಿಸುವ ಪಾಠವು ಒಂದೇ. ಅದು ರಿಯಲ್ ಅನಾಲಿಸಿಸ್ ಎಂಬುದು. ತಾಯಿತಂದೆಗಳೂ ಈ ಮಾತನ್ನು ನಂಬಿ, ವಿಷಯವನ್ನು ಬದಲಾಯಿಸುವುದೋ ಓದನ್ನೇ ನಿಲ್ಲಿಸುವುದೋ ಎಂದು ಆಲೋಚಿಸುತ್ತಾರೆ. ಆದಕಾರಣ ಈ ಸಂಚಿಕೆಯ ಮೂಲಕ ಅವರೊಡನೆ ಕೆಲವು ಮಾತುಗಳನ್ನಾಡಲು ಅಪೇಕ್ಷಿಸುತ್ತೇನೆ. ನನ್ನ ಅಭಿಪ್ರಾಯವೇನೆಂದರೆ, ಬೋಧನೆಯ ದೋಷವನ್ನು ಶಿಷ್ಯಳು ತನ್ನ ಬುದ್ಧಿಯ ದೋಷವೆಂದು ಎಣಿಸಬಾರದು. ಹಾಗೆಂದು ಕೈಕಟ್ಟಿ ಕುಳಿತುಕೊಳ್ಳಲೂ ಬಾರದು.

ಈ ಪಾಠವು ಅನೇಕ ಕಡೆಗಳಲ್ಲಿ ನಡೆಯುವ ಕ್ರಮವನ್ನು ನೋಡಿರಿ. ಅಧ್ಯಾಪಕರು ಎಪ್ಸಿಲಾನ್, ಡೆಲ್ಟಾ ಎಂಬ ಎರಡು ಗ್ರೀಕ್ ಅಕ್ಷರಗಳಿಂದ ಕೂಡಿದ ಒಂದು ಲಕ್ಷಣವಾಕ್ಯವನ್ನು ಹಲಗೆಯ ಮೇಲೆ ಬರೆಯುತ್ತಾರೆ. ಅದರ ಕೆಳಗೆ ಪ್ರಮೇಯ, ಅದರ ಕೆಳಗೆ ಸಾಧನೆ. ಗಂಟೆ ಹೊಡೆಯುವಷ್ಟರಲ್ಲಿ ಹಲಗೆಯು ಹಲವು ಸಾರಿ ತುಂಬಿ ಹಲವು ಸಾರಿ ಒರಸಲ್ಪಡುತ್ತದೆ. ಇದೆಲ್ಲವೂ ಯಾವ ಪ್ರಶ್ನೆಗೆ ಉತ್ತರವೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹುಡುಗಿಯು ಎಲ್ಲವನ್ನೂ ಬರೆದುಕೊಳ್ಳುತ್ತಾಳೆ, ಯಾವುದನ್ನೂ ಅರಿಯುವುದಿಲ್ಲ.

ಆ ಪ್ರಶ್ನೆಗೆ ಒಂದು ಚರಿತ್ರೆಯುಂಟು. ನ್ಯೂಟನ್ನರೂ ಲೈಬ್ನಿಟ್ಸರೂ ಕಲನಶಾಸ್ತ್ರವನ್ನು ಕಂಡುಹಿಡಿದ ಮೇಲೆ, 1734ರಲ್ಲಿ ಐರ್ಲೆಂಡಿನ ಬಿಷಪ್ ಜಾರ್ಜ್ ಬರ್ಕ್ಲಿಯವರು, ಒಂದು ಪರಿಮಾಣವನ್ನು ಮೊದಲು ಸೊನ್ನೆಯಲ್ಲವೆಂದು ಇಟ್ಟುಕೊಂಡು ಅದರಿಂದ ಭಾಗಿಸಿ, ಆಮೇಲೆ ಅದನ್ನೇ ಸೊನ್ನೆಯೆಂದು ಬಿಟ್ಟುಬಿಡುವುದು ಯಾವ ನ್ಯಾಯವೆಂದು ಆಕ್ಷೇಪಿಸಿದರು. ಪ್ಯಾರಿಸಿನ ಕೋಶಿಯವರು 1821ರಲ್ಲಿ ತಮ್ಮ ಪಾಠಗಳನ್ನು ಅಚ್ಚುಹಾಕಿಸಿ ಈ ಶಾಸ್ತ್ರವನ್ನು ಬಿಗಿಗೊಳಿಸಿದರು. ಆದರೂ ಆ ಗ್ರಂಥದ ಒಂದು ಪ್ರಮೇಯಕ್ಕೆ ಅಪವಾದವುಂಟೆಂದು ನಾರ್ವೆ ದೇಶದ ಆಬೆಲ್ಲರು 1826ರಲ್ಲಿ ತೋರಿಸಿದರು. 1858ರಲ್ಲಿ ಜೂರಿಕ್ ಪಟ್ಟಣದಲ್ಲಿ ಪಾಠಹೇಳುತ್ತಿದ್ದ ಡೆಡೆಕಿಂಡರು, ತಾವು ಹೇಳುವ ಪಾಠಕ್ಕೇ ಗಟ್ಟಿಯಾದ ತಳಹದಿಯಿಲ್ಲವೆಂದು ಮನಗಂಡು, ಅದನ್ನು ಹುಡುಕಿ 1872ರಲ್ಲಿ ಪ್ರಕಟಿಸಿದರು. ಬಿಷಪ್ಪರ ಪ್ರಶ್ನೆಯಿಂದ ಈ ಪುಸ್ತಕದ ವರೆಗೆ 138 ವರ್ಷಗಳಾದವು. ಮಹಾಪಂಡಿತರು ಇಷ್ಟು ಕಾಲ ತಡವರಿಸಿದ್ದನ್ನು ಒಂದು ತಾಸಿನಲ್ಲಿ ಗ್ರಹಿಸದವಳು ಮಂದಬುದ್ಧಿಯವಳೋ?

ವಿಷಯವು ಕಠಿನವೇ ಸರಿ, ಆದರೆ ತಿಳಿಯಪಡಿಸಲಾರದ್ದಲ್ಲ. ಹೊಲಿಗೆಯ ತರಗತಿಯ ಮಾತಿನಲ್ಲಿ ಹೇಳುವೆನು. ಬದಿಯು 3 ಅಡಿಯಿರುವ ಚೌಕ ಬಟ್ಟೆಯ ವಿಸ್ತೀರ್ಣವು 9 ಚದರ ಅಡಿ. ಕತ್ತರಿಯು ಸ್ವಲ್ಪ ಅತ್ತಿತ್ತ ಹೋಗುವುದು ಸಹಜ. ಕೊಳ್ಳುವವಳು, “ವಿಸ್ತೀರ್ಣದಲ್ಲಿ ಚದರ ಅಡಿಯ ಹತ್ತನೆಯ ಒಂದು ಪಾಲಿಗಿಂತ ಕಡಿಮೆ ವ್ಯತ್ಯಾಸವನ್ನು ಮಾತ್ರ ಸಹಿಸುವೆನು” ಅನ್ನುತ್ತಾಳೆ. ಕತ್ತರಿಸುವವಳು ಲೆಕ್ಕಮಾಡಿ, “ಹಾಗಾದರೆ ಬದಿಯ ವ್ಯತ್ಯಾಸವು ಅಡಿಯ ಎಪ್ಪತ್ತನೆಯ ಒಂದು ಪಾಲಿಗಿಂತ ಕಡಿಮೆಯಾದರೆ ಸಾಕು” ಅನ್ನುತ್ತಾಳೆ. ಕೊಳ್ಳುವವಳು ನೂರರಲ್ಲೊಂದು, ಸಾವಿರದಲ್ಲೊಂದು ಎಂದು ಎಷ್ಟು ಬಿಗಿಮಾಡಿದರೂ ಕತ್ತರಿಸುವವಳಲ್ಲಿ ತಕ್ಕ ಉತ್ತರವಿದ್ದರೆ, ಬದಿಯು 3ನ್ನು ಸಮೀಪಿಸುವಾಗ ವಿಸ್ತೀರ್ಣವು 9ನ್ನು ಸಮೀಪಿಸುತ್ತದೆಂದು ನಿಸ್ಸಂದೇಹವಾಗಿ ಹೇಳಬಹುದು. ಕೊಳ್ಳುವವಳ ಪಟ್ಟೇ ಎಪ್ಸಿಲಾನ್. ಕತ್ತರಿಸುವವಳ ಉತ್ತರವೇ ಡೆಲ್ಟಾ. ಸೊನ್ನೆಯಿಂದ ಭಾಗಿಸುವ ಮಾತೇ ಇಲ್ಲಿಲ್ಲ. ಹೀಗೆ ಬಿಷಪ್ಪರ ಆಕ್ಷೇಪಣೆಯು ಪರಿಹಾರವಾಯಿತು.

ಈ ಲಕ್ಷಣವನ್ನು ಖಚಿತಪಡಿಸಿದವರಲ್ಲಿ ಮುಖ್ಯರಾದ ವೈಯರ್‌ಸ್ಟ್ರಾಸರು, ಬರ್ಲಿನಿಗೆ ಹೋಗುವ ಮೊದಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನ ಉಪಾಧ್ಯಾಯರಾಗಿದ್ದರೆಂಬುದು ನಮ್ಮ ವೃತ್ತಿಯವರಿಗೆ ಅಭಿಮಾನದ ಸಂಗತಿ. 1870ರಲ್ಲಿ ರಷ್ಯಾ ದೇಶದ ಸೋಫಿಯಾ ಕೊವಲೆವ್‌ಸ್ಕಾಯಾ ಎಂಬ ಯುವತಿಯು ಬರ್ಲಿನಿಗೆ ಬಂದಾಗ, ಹೆಂಗಸೆಂಬ ಕಾರಣದಿಂದ ಅಲ್ಲಿಯ ವಿಶ್ವವಿದ್ಯಾನಿಲಯವು ಆಕೆಯನ್ನು ಸೇರಿಸಲಿಲ್ಲ. ವೈಯರ್‌ಸ್ಟ್ರಾಸರು ನಾಲ್ಕು ವರ್ಷ ಆಕೆಗೆ ಪ್ರತ್ಯೇಕವಾಗಿ ಪಾಠಹೇಳಿದರು. 1874ರಲ್ಲಿ ಗಟಿಂಗನ್ನಿನ ಡಾಕ್ಟರ್ ಪದವಿಯೂ, 1889ರಲ್ಲಿ ಸ್ಟಾಕ್‌ಹೋಮಿನಲ್ಲಿ ಖಾಯಂ ಪ್ರೊಫೆಸರ್ ಸ್ಥಾನವೂ ಆಕೆಗೆ ದೊರೆತವು. ತರಗತಿಯ ಬಾಗಿಲು ಮುಚ್ಚಿದ್ದರೂ ಒಳ್ಳೆಯ ಬೋಧನೆಯು ಫಲಕೊಟ್ಟಿತು. ಈಗ ಬಾಗಿಲು ತೆರೆದಿದೆ. ಆದರೆ ಒಳಗೆ ಕುಳಿತ ಮಾತ್ರಕ್ಕೆ ಬೋಧನೆಯು ದೊರೆಯಿತೆಂದು ಹೇಳಲಾಗದು.

ಹಾಗಾದರೆ ಶಿಷ್ಯಳು ಮಾಡತಕ್ಕದ್ದೇನು? ಸಾಧನೆಗಳನ್ನು ಬಾಯಿಪಾಠಮಾಡಬೇಡಿರಿ. ಪ್ರತಿಯೊಂದು ಪ್ರಮೇಯದಲ್ಲಿಯೂ ಒಂದೊಂದು ನಿಬಂಧನೆಯನ್ನು ತೆಗೆದುಹಾಕಿ, ಕಟ್ಟಡವು ಎಲ್ಲಿ ಬೀಳುತ್ತದೆಂದು ಪರೀಕ್ಷಿಸಿರಿ. ಒಂದನ್ನು ಎಕ್ಸ್‌ನಿಂದ ಭಾಗಿಸಿದ ಫಲವು ಸೊನ್ನೆಗೂ ಒಂದಕ್ಕೂ ನಡುವೆ ಎಲ್ಲಿಯೂ ಕಡಿಯದೆ ಸಾಗುತ್ತದೆ. ಆದರೂ ಅದಕ್ಕೆ ಮೇಲ್ಮಿತಿಯಿಲ್ಲ, ಯಾಕಂದರೆ ಸೊನ್ನೆಯ ಕಡೆಯ ಅಂಚು ಸೇರಿಲ್ಲ. ಇಂಥ ಒಂದು ಉದಾಹರಣೆಯು ಹತ್ತು ಪುಟಗಳ ಟಿಪ್ಪಣಿಗಿಂತ ಮೇಲು. ಇಬ್ಬರು ಮೂವರು ಕೂಡಿ ಓದಿರಿ. ಅಧ್ಯಾಪಕರ ಬಳಿಗೆ ಹೋದಾಗ “ತಿಳಿಯಲಿಲ್ಲ” ಎನ್ನದೆ, “ಈ ಮೂರನೆಯ ಸಾಲು ಎಲ್ಲಿಂದ ಬಂತು?” ಎಂದು ಕೇಳಿರಿ, ಅಂಥ ಪ್ರಶ್ನೆಯನ್ನು ಅಲ್ಲಗಳೆಯುವವರು ಕಡಿಮೆ.

ಅಧ್ಯಾಪಕರನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಪಾಠಪಟ್ಟಿಯು ಉದ್ದ, ವೇಳೆಯು ಕಡಿಮೆ. ಅವರಲ್ಲಿಯೂ ಕೆಲವರು ಹೀಗೆಯೇ ಬರೆದುಕೊಂಡು ಕಲಿತವರು. ಭಯಪಡತಕ್ಕ ಸಂಗತಿಯು ಇದೇ. ಇಂದು ಬಾಯಿಪಾಠದಿಂದ ಉತ್ತೀರ್ಣಳಾಗುವವಳು ನಾಳೆ ನಮ್ಮಂಥ ಶಾಲೆಗೆ ಉಪಾಧ್ಯಾಯಿನಿಯಾಗಿ ಬರುವಳು. ತನಗೆ ದೊರೆಯದ ಬೆಳಕನ್ನು ಮಕ್ಕಳಿಗೆ ಹೇಗೆ ಕೊಟ್ಟಾಳು?

ತಾಯಿತಂದೆಗಳಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ. ಮಗಳ ಅಂಕಗಳು ಕುಗ್ಗಿದಾಗ, ಹೆಣ್ಣಿಗೆ ಗಣಿತವೇಕೆ ಎಂಬ ಮಾತನ್ನು ನಿಮ್ಮ ಮನೆಯಲ್ಲಿ ಆಡಗೊಡಬೇಡಿರಿ. ಆಕೆಗೆ ಇನ್ನೊಂದು ಪುಸ್ತಕವನ್ನೂ, ನಿಶ್ಶಬ್ದವಾದ ಒಂದು ಮೂಲೆಯನ್ನೂ, ಇನ್ನೊಂದು ವರ್ಷದ ಸೈರಣೆಯನ್ನೂ ಕೊಡಿರಿ. ದೇವರು ಕೊಟ್ಟ ತಲಾಂತನ್ನು ಭಯದಿಂದ ನೆಲದಲ್ಲಿ ಹೂತಿಟ್ಟ ಸೇವಕನ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ನಮ್ಮ ಹುಡುಗಿಯರ ತಲಾಂತನ್ನು ಹೂಳುವ ಸನಿಕೆಯು ನಮ್ಮ ಕೈಯಲ್ಲಿ ಇರದಿರಲಿ.